ವೈಮರ್ ನಗರವೂ ಅದರ ನೆರೆಯ ಗುಡ್ಡವೂ

ಮಹಾಪುರುಷರು ಬಾಳಿದ ಮನೆಗಳನ್ನು ನೋಡಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಅವರು ಕುಳಿತ ಪೀಠ, ಹಿಡಿದ ಲೇಖನಿ, ಮಲಗಿದ ಮಂಚ, ಇವುಗಳನ್ನು ಕಂಡಾಗ ಅವರ ಸನ್ನಿಧಿಯೇ ದೊರೆತಂತೆ ನಮಗೆ ಭಾಸವಾಗುತ್ತದೆ. ತೀರ್ಥಯಾತ್ರೆಯ ಮೂಲದಲ್ಲಿರುವ ಭಾವವೂ ಇದೇ ಅಲ್ಲವೆ? ಆದರೆ ತೀರ್ಥದಲ್ಲಿ ಮಿಂದವನ ನಡತೆಯೂ ಶುದ್ಧವಾಯಿತೆ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ಜರ್ಮನಿಯ ವೈಮರ್ ನಗರದಷ್ಟು ಕಠೋರವಾಗಿ ಕೇಳುವ ಊರು ಮತ್ತೊಂದನ್ನು ನಾವು ಕಾಣೆವು. ಅಲ್ಲಿಯ ವಸ್ತುಸಂಗ್ರಹಾಲಯಗಳನ್ನೂ ಸ್ಮಾರಕಗಳನ್ನೂ ಕುರಿತು ಈ ತಿಂಗಳು ನಾಲ್ಕು ಮಾತು ಹೇಳುವೆವು.

ವೈಮರ್ ದೊಡ್ಡ ಪಟ್ಟಣವೇನೂ ಅಲ್ಲ. ಒಂದು ಸಣ್ಣ ಸಂಸ್ಥಾನದ ರಾಜಧಾನಿಯಾಗಿದ್ದ ಊರು. ಆನಾ ಅಮಾಲಿಯ ಎಂಬ ರಾಣಿಯ ವಿದ್ಯಾಭಿಮಾನದಿಂದ ಅಲ್ಲಿಗೆ ಪಂಡಿತರೂ ಕವಿಗಳೂ ಬರತೊಡಗಿದರು. 1775ರಲ್ಲಿ ಗಯಟೆ ಬಂದನು. ಮರುವರ್ಷ ಹೆರ್ಡರ್ ಬಂದು ಧರ್ಮೋಪದೇಶಕನಾಗಿ ನಿಂತನು. 1799ರಲ್ಲಿ ಷಿಲ್ಲರ್ ಬಂದು ನೆಲಸಿದನು. ಹೀಗೆ ಆ ಚಿಕ್ಕ ಊರು ಜರ್ಮನ್ ಸಾಹಿತ್ಯಕ್ಕೆ ತವರುಮನೆಯಾಯಿತು.

ಈ ಊರಿಗೂ ನಮಗೂ ಒಂದು ನಂಟುಂಟು. ಕಾಳಿದಾಸನ ಶಾಕುಂತಲವನ್ನು ಸರ್ ವಿಲಿಯಂ ಜೋನ್ಸ್ ಮಹಾಶಯರು 1789ರಲ್ಲಿ ಇಂಗ್ಲಿಷಿಗೆ ತಿರುಗಿಸಿದರು. ಅದನ್ನು ಜಾರ್ಜ್ ಫೋರ್ಸ್ಟರ್ 1791ರಲ್ಲಿ ಜರ್ಮನ್ ಭಾಷೆಗೆ ತಂದನು. ಅನುವಾದದ ಅನುವಾದ ಅದು. ಎರಡು ಬಾರಿ ಸೋಸಿದ ರಸ. ಆದರೂ ಅದನ್ನೋದಿದ ಗಯಟೆ ಆನಂದಪರವಶನಾಗಿ ಒಂದು ಪುಟ್ಟ ಪದ್ಯವನ್ನು ಬರೆದನು. ಅವನ ಫೌಸ್ಟ್ ನಾಟಕದ ಆರಂಭದಲ್ಲಿ ರಂಗಮಂದಿರದವರೇ ಬಂದು ಸಂಭಾಷಿಸುವ ಭಾಗವೊಂದಿದೆ; ನಮ್ಮ ನಾಟಕಗಳ ಪ್ರಸ್ತಾವನೆಯೇ ಅದಕ್ಕೆ ಪ್ರೇರಣೆಯೆಂದು ವಿದ್ವಾಂಸರು ಹೇಳುವರು. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಓದಿ ಸುಖಿಸಿದ ವಾಚಕರಿಗೆ ಆದುದರಿಂದ ಗಯಟೆ ಪೂರ್ತಿಯಾಗಿ ಪರಕೀಯನಲ್ಲ.

ಅವನು ಸುಮಾರು ಐವತ್ತು ವರ್ಷ ಬಾಳಿ, 1832ರ ಮಾರ್ಚಿ 22ರಂದು ಪ್ರಾಣಬಿಟ್ಟ ಮನೆ ಊರ ನಡುವೆಯೇ ಇದೆ. ವಂಶದ ಕಡೆಯ ಮೊಮ್ಮಗನು 1885ರಲ್ಲಿ ತೀರಿಕೊಂಡ ಮೇಲೆ ಅದು ಸರ್ಕಾರಕ್ಕೆ ಸೇರಿ ವಸ್ತುಸಂಗ್ರಹಾಲಯವಾಯಿತು. ಹೊಸ್ತಿಲ ಬಳಿ ನೆಲದ ಮೇಲೆ ಲ್ಯಾಟಿನ್ ಭಾಷೆಯ ಸ್ವಾಗತವಚನವೊಂದನ್ನು ಬರೆದಿದೆ. ಮುಂಭಾಗದ ಕೋಣೆಗಳು ಅತಿಥಿಗಳಿಗಾಗಿ: ವಿಗ್ರಹಗಳು, ಚಿತ್ರಗಳು, ಬಗೆಬಗೆಯ ಶಿಲಾಸಂಗ್ರಹ. ಹಿಂಭಾಗಕ್ಕೆ ಹೋದರೆ ಬೇರೊಂದು ಲೋಕ. ಅಲ್ಲಿ ಕವಿಯು ಕೆಲಸಮಾಡುತ್ತಿದ್ದ ಕೋಣೆ ನಮ್ಮ ಹಳ್ಳಿಯ ಉಪಾಧ್ಯಾಯನ ಕೋಣೆಯಷ್ಟೇ ಸರಳ: ಬಣ್ಣವಿಲ್ಲದ ಮರದ ಮೇಜು, ಪುಸ್ತಕ, ಕಾಗದ, ಅಷ್ಟೆ. ಪಕ್ಕದ ಕಿರುಕೋಣೆಯಲ್ಲಿ ಒಂದು ಮಂಚ. ಅದರ ಬಳಿ ಅವನು ಕಡೆಯುಸಿರೆಳೆದ ಕುರ್ಚಿ. ಸಂಪತ್ತನ್ನು ಅತಿಥಿಗಳ ಕಡೆಗಿರಿಸಿ ಸರಳತೆಯನ್ನು ತನಗಿರಿಸಿಕೊಂಡ ಈ ಏರ್ಪಾಡು ನಮಗೆ ಬಹಳ ಮೆಚ್ಚಿಕೆಯಾಯಿತು.

ರಾಣಿ ಆನಾ ಅಮಾಲಿಯಳ ಹೆಸರಿನ ಪುಸ್ತಕಭಂಡಾರವೂ ಪ್ರಸಿದ್ಧವಾದುದು. ಅದರ ಮೇಲ್ವಿಚಾರಣೆಯನ್ನು ಗಯಟೆಯೇ ಬಹುಕಾಲ ನೋಡಿಕೊಂಡನು. 2004ರ ಸೆಪ್ಟೆಂಬರ್ 2ರ ರಾತ್ರಿ ಅದಕ್ಕೆ ಬೆಂಕಿ ಬಿದ್ದು ಸುಮಾರು 50,000 ಗ್ರಂಥಗಳು ಭಸ್ಮವಾದುವು. ಊರಿನ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕಗಳನ್ನು ಸಾಗಿಸಿ ಉಳಿದುವನ್ನು ಕಾಪಾಡಿದರು. 2007ರಲ್ಲಿ ಆ ಸುಂದರಶಾಲೆ ಮತ್ತೆ ತೆರೆಯಿತು. ಪುಸ್ತಕಕ್ಕಾಗಿ ಇಷ್ಟು ಮಿಡಿಯುವ ಊರು ಧನ್ಯವೆಂದು ಯಾರಿಗೂ ಅನ್ನಿಸದಿರದು.

ಇನ್ನು ಷಿಲ್ಲರನ ಮನೆ. 1802ರಲ್ಲಿ ಕೊಂಡುಕೊಂಡ ಈ ಮನೆಯ ಮೇಲಂತಸ್ತಿನಲ್ಲಿ ಅವನು ವಿಲ್ಹೆಲ್ಮ್ ಟೆಲ್ ಎಂಬ ನಾಟಕವನ್ನು ಬರೆದನು. ಪರರಾಯನ ದಬ್ಬಾಳಿಕೆಗೆ ತಲೆಬಾಗದ ಬೆಟ್ಟದ ಜನರ ಕಥೆ ಅದು. 1805ರ ಮೇ 9ರಂದು ಅಲ್ಲಿಯೇ ಮೃತನಾದನು. ಅವನ ಬರೆಯುವ ಮೇಜೂ ಮಂಚವೂ ಪೂಜ್ಯವಸ್ತುಗಳಂತೆ ರಕ್ಷಿತವಾಗಿವೆ. ಈ ಮೇಜಿನ ವಿಷಯದಲ್ಲಿ ವಾಚಕರು ತಿಳಿಯತಕ್ಕ ಸಂಗತಿಯೊಂದುಂಟು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬಾಂಬುಗಳಿಂದ ಇವಕ್ಕೆ ಹಾನಿಯಾದೀತೆಂದು ಅಧಿಕಾರಿಗಳು ಹೆದರಿದರು. ನಿಜವಾದ ವಸ್ತುಗಳನ್ನು ಭದ್ರವಾದ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಅವುಗಳ ತದ್ರೂಪಗಳನ್ನು ಮನೆಯಲ್ಲಿಡುವುದೆಂದು ನಿಶ್ಚಯವಾಯಿತು. ತದ್ರೂಪಗಳನ್ನು ಮಾಡಿದವರು ಯಾರು? ಊರಿನಿಂದ 5 ಮೈಲಿ ದೂರದ ಗುಡ್ಡದ ಮೇಲೆ ಮುಳ್ಳುತಂತಿಯೊಳಗೆ ಸೆರೆಯಿದ್ದ ಬಡಗಿಗಳು. ಸ್ವಾತಂತ್ರ್ಯವನ್ನು ಹಾಡಿದ ಕವಿಯ ಮೇಜನ್ನು ಉಳಿಸುವುದಕ್ಕಾಗಿ ಬಂದಿಗಳ ಕೈ ದುಡಿಯಿತು. ಆ ಕೈಗಳನ್ನು ಉಳಿಸಬೇಕೆಂದು ಮಾತ್ರ ಅಧಿಕಾರಿಗಳಿಗೆ ತೋಚಲಿಲ್ಲ.

ಆ ಗುಡ್ಡದ ಹೆಸರು ಎಟರ್ಸ್‌ಬರ್ಗ್. ರಾಣಿಯ ಕಾಲದಲ್ಲಿ ಅಲ್ಲಿಯ ಬೇಸಗೆಯರಮನೆಯಲ್ಲಿ ನಾಟಕಗಳಾಗುತ್ತಿದ್ದುವು. ಗಯಟೆ ಆ ಕಾಡಿನಲ್ಲಿ ವಿಹರಿಸುತ್ತಿದ್ದನು. 1937ರ ಜುಲೈ ತಿಂಗಳಲ್ಲಿ ಹಿಟ್ಲರನ ಆಳ್ವಿಕೆಯವರು ಅಲ್ಲಿ ಬಂದೀಶಿಬಿರವನ್ನು ಕಟ್ಟಿಸತೊಡಗಿದರು. ಆಗ ಊರಿನ ಸಂಸ್ಕೃತಿಸಂಘದವರು ಒಂದು ಆಕ್ಷೇಪಣೆಯನ್ನೆತ್ತಿದರು. ಏನೆಂದು? ಗಯಟೆಯ ನೆನಪಿಗೆ ಸೇರಿದ ಗುಡ್ಡದ ಹೆಸರನ್ನು ಶಿಬಿರಕ್ಕಿಡಬಾರದೆಂದು! ಆಕ್ಷೇಪಣೆಗೆ ಮನ್ನಣೆ ದೊರೆಯಿತು. ಶಿಬಿರಕ್ಕೆ ಬೂಕನ್‌ವಾಲ್ಡ್ ಎಂದು ಹೊಸ ಹೆಸರಾಯಿತು. ಹೆಸರಿನ ಮರ್ಯಾದೆ ಉಳಿಯಿತು, ಶಿಬಿರವೂ ನಿಂತಿತು. 1945ರ ಏಪ್ರಿಲ್ 11ರಂದು ಬಿಡುಗಡೆಯಾಗುವವರೆಗೆ ಅಲ್ಲಿಯೂ ಅದರ ಉಪಶಿಬಿರಗಳಲ್ಲಿಯೂ ಸುಮಾರು 2,80,000 ಮಂದಿ ಸೆರೆಯಲ್ಲಿದ್ದರು. ಅವರಲ್ಲಿ ಸುಮಾರು 56,000 ಮಂದಿ ಸತ್ತರು ಇಲ್ಲವೆ ಕೊಲ್ಲಲ್ಪಟ್ಟರು.

ಇಂದು ಅದು ಸ್ಮಾರಕಭೂಮಿ. ಬಂದಿಗಳ ಮರದ ಕೊಟ್ಟಿಗೆಗಳು ಇಲ್ಲವಾಗಿವೆ. ಅವು ನಿಂತಿದ್ದ ತಾವುಗಳಲ್ಲಿ ಕಲ್ಲು ಹರಡಿದೆ. ಮಹಾದ್ವಾರದ ಗಡಿಯಾರದ ಮುಳ್ಳುಗಳು ಬಿಡುಗಡೆಯ ಗಳಿಗೆಯಾದ 3 ಗಂಟೆ 15 ನಿಮಿಷದಲ್ಲಿ ನಿಂತಿವೆ. ಕಬ್ಬಿಣದ ಬಾಗಿಲಿನಲ್ಲಿ ಒಂದು ವಾಕ್ಯವಿದೆ: ಅವರವರಿಗೆ ಸಲ್ಲತಕ್ಕದ್ದು ಅವರವರಿಗೆ ಎಂಬುದು ಅದರ ಭಾವ. ರೋಮನರ ನ್ಯಾಯಶಾಸ್ತ್ರದಿಂದ ಬಂದ ಪುರಾತನ ಸೂತ್ರವದು. ಅದಕ್ಕೆ ಒಪ್ಪದ ಧರ್ಮಶಾಸ್ತ್ರವುಂಟೆ? ಅದೇ ಸೂತ್ರವನ್ನು ಒಳಗಿದ್ದವರು ಓದುವಂತೆ ಒಳಮುಖವಾಗಿ ತಿರುಗಿಸಿ ನಿಲ್ಲಿಸಿದರು. ಶಬ್ದವು ಪವಿತ್ರವಾಗಿದ್ದರೆ ಸಾಲದು, ಆಡುವವನ ಹೃದಯವೇ ಅದರ ಅರ್ಥವೆಂದು ಶಬ್ದಶಾಸ್ತ್ರವನ್ನೋದಿದ ನಮಗೆ ಆ ಬಾಗಿಲಿನ ಮುಂದೆ ಮನವರಿಕೆಯಾಯಿತು. ಅಕ್ಷರಗಳನ್ನು ರೂಪಿಸಿದವನು ಫ್ರಾಂಜ್ ಎರ್ಲಿಕ್ ಎಂಬ ಬಂದಿ. 1919ರಲ್ಲಿ ವೈಮರಿನಲ್ಲೇ ಹುಟ್ಟಿ, ಬಳಿಕ ಊರುಬಿಟ್ಟು ಹೋದ ಬೌಹೌಸ್ ಎಂಬ ಕಲಾಶಾಲೆಯ ಶಿಷ್ಯನವನು. ಆಳುವವರಿಗೆ ಬೇಡವಾಗಿದ್ದ ಆ ಶಾಲೆಯ ಶೈಲಿಯಲ್ಲಿಯೇ ಅವನು ಅಕ್ಷರಗಳನ್ನು ಬರೆದನು.

ಆ ಆವರಣದಲ್ಲಿ ಒಂದು ಓಕ್ ಮರದ ಬುಡ ಉಳಿದಿದೆ. ಕಾಡನ್ನು ಕಡಿದಾಗ ಈ ಮರವೊಂದನ್ನು ಬಿಟ್ಟಿದ್ದರು. ಬಂದಿಗಳು ಅದನ್ನು ಗಯಟೆಯ ಮರವೆಂದು ಕರೆದರು. 1944ರ ಆಗಸ್ಟಿನ ಬಾಂಬುದಾಳಿಯಲ್ಲಿ ಅದು ಸುಟ್ಟಿತು. ತಂತಿಬೇಲಿಯ ಹೊರಗೆ ಕಾವಲಿನವರ ಸಂಸಾರಗಳ ವಿನೋದಕ್ಕೆಂದು ಕಟ್ಟಿದ್ದ ಮೃಗಾಲಯದ ಅವಶೇಷವೂ ಕಾಣುತ್ತದೆ. ಒಳಗೆ ಮನುಷ್ಯರು ಹಸಿದಿರಲು ಹೊರಗೆ ಕರಡಿಗಳನ್ನು ಸಾಕುತ್ತಿದ್ದರು.

ಇಷ್ಟೇ ಆಗಿದ್ದರೆ ನೋಡಿದವನಿಗೆ ನಿರಾಶೆಯೊಂದೇ ಮಿಗುತ್ತಿತ್ತು. ಆದರೆ ಬಿಡುಗಡೆಯ ದಿನ ಆ ಶಿಬಿರದಿಂದ 900ಕ್ಕೂ ಮಿಕ್ಕ ಬಾಲಕರೂ ತರುಣರೂ ಜೀವಸಹಿತ ಹೊರಬಂದರು. ತಮ್ಮ ನಾಳೆಯೇ ನಿಶ್ಚಯವಿಲ್ಲದ ಹಿರಿಯ ಬಂದಿಗಳು ಅವರನ್ನು ಬೇರೆಯ ಕೊಟ್ಟಿಗೆಗಳಲ್ಲಿರಿಸಿ ಕಾಪಾಡಿದ್ದರು. ಊರಿನಲ್ಲಿ ಮರೆತುಹೋಗಿದ್ದ ಸಂಸ್ಕೃತಿ ಆ ಕೊಟ್ಟಿಗೆಗಳಲ್ಲಿ ಬದುಕಿತ್ತೆಂದು ಹೇಳಿದರೆ ತಪ್ಪಾಗದು.

1945ರ ಏಪ್ರಿಲ್ 16ರಂದು ಅಮೆರಿಕದ ಸೇನೆಯವರು ವೈಮರಿನ ಸುಮಾರು ಸಾವಿರ ಮಂದಿ ನಾಗರಿಕರನ್ನು ಶಿಬಿರಕ್ಕೆ ನಡೆಸಿಕೊಂಡು ಹೋಗಿ ಎಲ್ಲವನ್ನೂ ತೋರಿಸಿದರು. ಯುದ್ಧಾನಂತರ ಸೋವಿಯತ್ ಅಧಿಕಾರಿಗಳು 1950ರವರೆಗೆ ಅದೇ ಸ್ಥಳವನ್ನು ಸೆರೆಮನೆಯಾಗಿಟ್ಟುಕೊಂಡರು. ಆಗಲೂ 7,000ಕ್ಕೂ ಹೆಚ್ಚು ಜನ ಮಡಿದರು. ಅವರನ್ನು ಹೂಳಿದ ಕಾಡಿನಲ್ಲಿ ಉಕ್ಕಿನ ಕಂಬಗಳನ್ನು ನೆಟ್ಟಿದ್ದಾರೆ.

ಬಂದಿಗಳನ್ನು ನಿಲ್ಲಿಸಿ ಎಣಿಸುತ್ತಿದ್ದ ಬಯಲಿನಲ್ಲಿ 1995ರಲ್ಲಿ ಒಂದು ಲೋಹಫಲಕವನ್ನು ನೆಲಕ್ಕೆ ಸಮವಾಗಿ ಇರಿಸಿದರು. ಅದರ ಮೇಲೆ ಬಂದಿಗಳ ನಾನಾ ಜನಾಂಗಗಳ ಹೆಸರುಗಳಿವೆ. ಚಳಿಗಾಲವಾಗಲಿ ಬೇಸಗೆಯಾಗಲಿ, ಆ ಫಲಕವನ್ನು 37 ಡಿಗ್ರಿ ಶಾಖದಲ್ಲಿಟ್ಟಿದ್ದಾರೆ. ಅದು ಮನುಷ್ಯದೇಹದ ಶಾಖ. ಬಗ್ಗಿ ಅಂಗೈಯನ್ನಿಟ್ಟರೆ ಜ್ವರವಿಲ್ಲದ ಮಗುವಿನ ಹಣೆಯನ್ನು ಮುಟ್ಟಿದಂತಾಗುತ್ತದೆ.

ವಾಚಕರಲ್ಲಿ ಯಾರಿಗಾದರೂ, ಅಥವಾ ಆ ದೇಶದಲ್ಲಿ ಓದುವ ಅವರ ಮಕ್ಕಳಿಗಾದರೂ, ವೈಮರಿಗೆ ಹೋಗುವ ಸಂದರ್ಭ ಬಂದರೆ ಎರಡು ದಿನಗಳನ್ನಾದರೂ ಇಟ್ಟುಕೊಳ್ಳಲಿ. ಮೊದಲ ದಿನ ಊರು, ಮರುದಿನ ಗುಡ್ಡ. ಸಣ್ಣ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುವುದು ಬೇಡ. ತಿಳಿವಳಿಕೆ ಬಂದವರನ್ನು ಬಿಟ್ಟುಹೋಗುವುದೂ ಬೇಡ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟವನು ಎರಡನ್ನೂ ನೋಡಿದಂತಾಗಲಿಲ್ಲ.

ಕಾಳಿದಾಸನ ನಾಟಕದ ಪೂರ್ಣನಾಮಧೇಯ ಅಭಿಜ್ಞಾನಶಾಕುಂತಲವೆಂಬುದು ಸರ್ವವಿದಿತ. ಅಭಿಜ್ಞಾನವೆಂದರೆ ಗುರುತು. ಎದುರಿಗೆ ನಿಂತ ಹೆಂಡತಿಯನ್ನು ಶಾಪವಶನಾದ ರಾಜನು ಗುರುತಿಸಲಾರದೆ ಹೋದನು. ಉಂಗುರವನ್ನು ಕಂಡಾಗ ಅವಳ ನೆನಪಾಗಿ ಪರಿತಪಿಸಿದನು. ಉಂಗುರದ ಪ್ರಯೋಜನ ಅಷ್ಟೇ: ಮನುಷ್ಯರನ್ನು ಮರೆತವನಿಗೆ ಮನುಷ್ಯರನ್ನು ನೆನಪಿಗೆ ತರುವುದು. ವಸ್ತುಸಂಗ್ರಹಾಲಯದ ಮೇಜು ಮಂಚಗಳೂ ಇಂಥ ಉಂಗುರಗಳೇ. ವೈಮರಿನ ಜನ ಒಂದು ಕಾಲದಲ್ಲಿ ಉಂಗುರವನ್ನು ಜೋಪಾನಮಾಡಿ ಶಕುಂತಲೆಯನ್ನು ಬಾಗಿಲಾಚೆಗೆ ನೂಕಿದರು. ನಮ್ಮ ಮನೆಗಳಲ್ಲಿಯೂ ಶಾಕುಂತಲವನ್ನು ಓದುವವರಿದ್ದಾರೆ. ಅಂಗಳ ಗುಡಿಸುವ ಹೆಂಗಸು ಬಿಸಿಲಲ್ಲಿ ನಿಂತು ನೀರು ಕೇಳುವುದೂ ಉಂಟು. ಪುಸ್ತಕವನ್ನು ಮಡಿಸಿಟ್ಟು, ಎದ್ದು ಹೋಗಿ, ಆಕೆಯ ಹೆಸರು ಹಿಡಿದು ಕರೆದು ನೀರು ಕೊಟ್ಟರೆ, ಓದಿದ್ದು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.