ಮೂಲಪತ್ರ ಹರಿಯಬೇಡಿ

“ಮಿಶನ್ ಶಾಲೆಯ ಹಳೇ ಕಟ್ಟಡ ಕೆಡವಿ ಕಾಂಕ್ರೀಟು ಕಟ್ಟಿದರೆ ನಷ್ಟವೇನು?” ಎನ್ನುವವರು ನಮ್ಮಲ್ಲೇ ಇದ್ದಾರೆ. ನಷ್ಟವಿದೆ ಸ್ವಾಮಿ, ಲೆಕ್ಕ ಕೇಳಿ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1836ರಲ್ಲೇ ಕನ್ನಡ ಶಾಲೆ ತೆರೆದರು. 1841ರಲ್ಲಿ ಅಚ್ಚುಕೂಟ, 1843ರಲ್ಲಿ ಮೊಗ್ಲಿಂಗರ ‘ಮಂಗಳೂರ ಸಮಾಚಾರ’, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲರ ನಿಘಂಟು. ಮತಪ್ರಚಾರಕ್ಕೆ ಬಂದವರೆಂಬುದು ನಿಜ. ಆದರೆ ಸ್ಲೇಟಿನ ಮೇಲೆ ಮೂಡಿದ ಅಕ್ಷರ ನಮ್ಮದು.

ಮಲಯಾಳಿ ಬಂಧುಗಳು ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ಗುಂಡರ್ಟರ ಬಂಗಲೆಯನ್ನು ಮ್ಯೂಸಿಯಂ ಮಾಡಿ ಉಳಿಸಿಕೊಂಡರು. ಅದೇ ಮಿಶನಿನ ಕನ್ನಡ ಶಾಲೆಗಳ ಬಗ್ಗೆ ನಮಗೇಕೆ ಈ ಉದಾಸೀನ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ನಮ್ಮ ಜಹೀರಾಬಾದ್, ನಾರಾಯಣಖೇಡ ಸೀಮೆ ಬೀದರನ್ನು ಬಿಟ್ಟು ಮೇದಕಿನ ಪಾಲಾಯಿತು. “ಇಲ್ಲಿ ಕನ್ನಡ ಎಂದಿತ್ತು?” ಎಂದು ನಾಳೆ ಯಾರಾದರೂ ಕೇಳಿದರೆ ಕೊಹೀರಿನವರಾಗಲಿ ಕಾಸರಗೋಡಿನವರಾಗಲಿ ಏನು ತೋರಿಸಬೇಕು? ಹಳೆಯ ಶಾಲೆಯನ್ನು, ಅದರ ದಾಖಲಾತಿ ಪುಸ್ತಕವನ್ನು.

ಸಾಲಕ್ಕೆ ಬಂದವರಲ್ಲಿ ಮೂಲಪತ್ರ ಕೇಳುವ ಬ್ಯಾಂಕಿನ ಗುಮಾಸ್ತ ನಾನು. ಅದನ್ನು ಕಳಕೊಂಡವರ ಗತಿ ಬಲ್ಲೆ. ಮಾಡು ಸೋರಿದರೆ ಹಂಚು ಬದಲಿಸಿ, ಗೋಡೆ ಕೆಡವಬೇಡಿ. ಕೆಡವಲೇಬೇಕಾದರೆ ಮೊದಲು ಅಳತೆ, ನಕ್ಷೆ, ಫೋಟೋ ತೆಗೆದಿಡಿ. ಹಳೆಯ ವಿದ್ಯಾರ್ಥಿಗಳು ಇಷ್ಟನ್ನಾದರೂ ಕೇಳದಿದ್ದರೆ, ಮಕ್ಕಳು ನಮ್ಮನ್ನು ಕೇಳಿಯಾರು.