ಎರಡು ಹನಿ, ಒಂದು ಮಾತು



ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ ಕೋಣೆಯ ಹೊರಗೆ ಸ್ವಲ್ಪ ಹೊತ್ತು ಕುಳಿತು ನೋಡಿ. ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಏನೂ ನೋವಾಗಲ್ಲ ಮಗಾ, ಡಾಕ್ಟ್ರು ಸುಮ್ನೆ ಕೈ ಮುಟ್ಟಿ ನೋಡ್ತಾರೆ, ಅಷ್ಟೆ." ಮಗು ನಂಬಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದೊಡನೆ ಚೀರುತ್ತದೆ. ಆ ಕ್ಷಣದಲ್ಲಿ ಅದು ನೋಡುವುದು ಸೂಜಿಯನ್ನಲ್ಲ, ತಾಯಿಯ ಮುಖವನ್ನು. ನೋವು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಆದರೆ ಮುಂದಿನ ಸಲ ಅದೇ ಮಗುವನ್ನು ಆಸ್ಪತ್ರೆಯ ಗೇಟು ದಾಟಿಸಲು ಇಬ್ಬರು ಬೇಕಾಗುತ್ತದೆ. ತಾಯಿ ನಿಜ ಹೇಳಿದರೂ ಅದು ನಂಬುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಮುಂದೆಯೂ ಇಂತಹದೇ ಒಂದು ಪುಟ್ಟ ಪ್ರಸಂಗ ನಡೆದಿತ್ತು. ಅಬ್ದುಲ್ಲಾ ಬಿನ್ ಆಮಿರ್(ರ) ತಮ್ಮ ಬಾಲ್ಯದ ನೆನಪಾಗಿ ಹೇಳಿದ ಈ ಘಟನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಪ್ರವಾದಿ(ಸ)ರು ಅವರ ಮನೆಯಲ್ಲಿ ಕುಳಿತಿದ್ದಾಗ, ಏನೋ ಕೊಡುತ್ತೇನೆಂದು ಹೇಳಿ ತಾಯಿ ಮಗನನ್ನು ಹತ್ತಿರ ಕರೆದರು. ಏನು ಕೊಡಬೇಕೆಂದಿದ್ದೀರಿ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಖರ್ಜೂರ ಎಂದರು ತಾಯಿ. ಏನನ್ನೂ ಕೊಡದೆ ಇದ್ದಿದ್ದರೆ ನಿಮ್ಮ ಹೆಸರಿನಲ್ಲಿ ಒಂದು ಸುಳ್ಳು ದಾಖಲಾಗುತ್ತಿತ್ತು ಎಂದು ಅವರು ಎಚ್ಚರಿಸಿದರು.

ಒಂದು ಖರ್ಜೂರದ ವಿಷಯಕ್ಕೆ ಇಷ್ಟು ಗಂಭೀರ ಎಚ್ಚರಿಕೆಯೇ ಎಂದು ನಮಗನಿಸಬಹುದು. ಆದರೆ ಮಗುವಿನ ಪಾಲಿಗೆ ತಾಯಿಯೇ ಸರಕಾರ, ತಾಯಿಯೇ ನ್ಯಾಯಾಲಯ. ಅವಳ ಮಾತು ಸುಳ್ಳಾದರೆ ಅದು ಮೊರೆ ಹೋಗಲು ಬೇರೆ ಕಡೆಯಿಲ್ಲ. ಅಧಿಕಾರವುಳ್ಳವರು ಹೇಳುವ ಸುಳ್ಳು ಇತರರ ಸುಳ್ಳಿಗಿಂತ ಭಾರವಾಗುವುದು ಇದಕ್ಕಾಗಿಯೇ. ಮನೆಯಲ್ಲಿ ಒಂದು ಮಗು ನಂಬಿಕೆ ಕಳೆದುಕೊಂಡರೆ ತಾಯಿಗೆ ಕಷ್ಟ. ಒಂದು ಜನಸಮೂಹವೇ ಆಳುವವರ ಮೇಲಿನ ನಂಬಿಕೆ ಕಳೆದುಕೊಂಡರೆ ಏನಾಗುತ್ತದೆ? ನಾವೆಲ್ಲ ಕಂಡಿರುವ ಪೋಲಿಯೋ ಹನಿಯ ಕಥೆಯನ್ನೇ ನೋಡೋಣ.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಕಾರ್ಯಕ್ರಮ ಆರಂಭವಾದದ್ದು 1995ರಲ್ಲಿ. ಭಾನುವಾರ ಅಂಗನವಾಡಿಗೋ ಶಾಲೆಗೋ ಮಗುವನ್ನು ಎತ್ತಿಕೊಂಡು ಹೋಗಿ, ಬಾಯಿಗೆ ಎರಡು ಹನಿ ಹಾಕಿಸಿ, ಕಿರುಬೆರಳಿಗೆ ಶಾಯಿಯ ಗುರುತು ಹಾಕಿಸಿಕೊಂಡು ಬಂದ ನೆನಪು ನಮ್ಮಲ್ಲಿ ಅನೇಕರಿಗಿದೆ. ಆದರೆ ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಈ ಎರಡು ಹನಿ ಅಷ್ಟು ಸುಲಭವಾಗಿ ಮಕ್ಕಳ ಬಾಯಿಗೆ ಬೀಳಲಿಲ್ಲ. ಮುರಾದಾಬಾದ್ ಮೊದಲಾದ ಕಡೆಗಳ ಮುಸ್ಲಿಮ್ ಬಡಾವಣೆಗಳಲ್ಲಿ ತಾಯಂದಿರು ಬಾಗಿಲು ಮುಚ್ಚಿಕೊಂಡರು. ಈ ಔಷಧಿ ಕುಡಿದ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ, ನಮ್ಮ ಸಂಖ್ಯೆ ಕಡಿಮೆ ಮಾಡಲು ಸರಕಾರ ಹೂಡಿದ ಉಪಾಯವಿದು ಎಂಬ ವದಂತಿ ಮನೆಯಿಂದ ಮನೆಗೆ ಹಬ್ಬಿತು. 2002ರಲ್ಲಿ ದೇಶದಲ್ಲಿ 1,600 ಮಕ್ಕಳು ಪೋಲಿಯೋಗೆ ತುತ್ತಾದರು. ಅವರಲ್ಲಿ ಹೆಚ್ಚಿನವರು ಉತ್ತರ ಪ್ರದೇಶದವರು. ಜನಸಂಖ್ಯೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಮುಸ್ಲಿಮ್ ಮಕ್ಕಳೇ ಈ ರೋಗಕ್ಕೆ ಬಲಿಯಾದರು.

ವದಂತಿ ಶುದ್ಧ ಸುಳ್ಳು. ಅದರಲ್ಲಿ ಸಂಶಯವಿಲ್ಲ. ಆದರೆ ಆ ತಾಯಂದಿರನ್ನು ಅಜ್ಞಾನಿಗಳು ಎಂದು ತಳ್ಳಿಹಾಕುವ ಮುನ್ನ ಒಂದು ಪ್ರಶ್ನೆ ಕೇಳಬೇಕು. ಇಷ್ಟು ದೊಡ್ಡ ಸುಳ್ಳನ್ನು ಅವರು ನಂಬಿದ್ದೇಕೆ?

ಉತ್ತರ 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿದೆ. 1976-77ರ ಒಂದೇ ವರ್ಷದಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅಧಿಕಾರಿಗಳಿಗೆ ಇಂತಿಷ್ಟು ಎಂದು ಗುರಿ ಕೊಡಲಾಗಿತ್ತು. ಗುರಿ ಮುಟ್ಟದ ಶಿಕ್ಷಕರ ಸಂಬಳ ತಡೆಹಿಡಿದರು. ಪೊಲೀಸರ ಬಲದಿಂದ ಬಡವರನ್ನು ಶಿಬಿರಕ್ಕೆ ಎಳೆದೊಯ್ದದ್ದೂ ಉಂಟು. ಇದನ್ನು ಪ್ರತಿಭಟಿಸಿದವರ ಮೇಲೆ 1976ರ ಅಕ್ಟೋಬರ್‌ನಲ್ಲಿ ಇದೇ ಪಶ್ಚಿಮ ಉತ್ತರ ಪ್ರದೇಶದ ಮುಝಫ್ಫರ್ ನಗರದಲ್ಲಿ ಗುಂಡು ಹಾರಿತು. ಅಂದು ಮನೆಬಾಗಿಲಿಗೆ ಬಂದವರು ಕೂಡಾ ಸರಕಾರದವರೇ, ಜನರ ಒಳಿತಿಗಾಗಿ ಎಂದು ಹೇಳಿಕೊಂಡೇ ಬಂದಿದ್ದರು. ಇಪ್ಪತ್ತೈದು ವರ್ಷಗಳ ನಂತರ ಅದೇ ಬಾಗಿಲು ತಟ್ಟಿದಾಗ ಒಳಗಿದ್ದ ಅಜ್ಜಿಗೆ ಹಳೆಯದೆಲ್ಲ ನೆನಪಾಗಿದ್ದರೆ ಆಶ್ಚರ್ಯವಿಲ್ಲ.

ತಾಯಂದಿರಿಗೆ ಇನ್ನೊಂದು ಪ್ರಶ್ನೆಯೂ ಇತ್ತು. ಬೀದಿಯಲ್ಲಿ ಚರಂಡಿಯಿಲ್ಲ, ಕುಡಿಯಲು ಶುದ್ಧ ನೀರಿಲ್ಲ, ಮಗುವಿಗೆ ಭೇದಿಯಾದರೆ ಆಸ್ಪತ್ರೆಯಲ್ಲಿ ಕೇಳುವವರಿಲ್ಲ. ಹೀಗಿರುವಾಗ ಈ ಎರಡು ಹನಿಗೆ ಮಾತ್ರ ಇಷ್ಟೇಕೆ ಉಪಚಾರ? ಇದಲ್ಲದೆ, ಹಲವು ಸಲ ಹನಿ ಹಾಕಿಸಿಕೊಂಡ ಮಕ್ಕಳಿಗೂ ಪೋಲಿಯೋ ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅದು ವದಂತಿಯಾಗಿರಲಿಲ್ಲ, ನಿಜವಾಗಿತ್ತು. ಕಿಕ್ಕಿರಿದ ಬಡಾವಣೆ, ಕೊಳಕು ನೀರು, ಪದೇ ಪದೇ ಬರುವ ಭೇದಿ ಇವುಗಳಿಂದಾಗಿ ಆ ಪ್ರದೇಶದಲ್ಲಿ ಒಂದೊಂದು ಡೋಸ್‌ನ ಪರಿಣಾಮ ಬೇರೆ ಕಡೆಗಿಂತ ಬಹಳ ಕಡಿಮೆಯಿತ್ತು. ಅದಕ್ಕಾಗಿಯೇ ಮತ್ತೆ ಮತ್ತೆ ಹಾಕಬೇಕಾಗಿತ್ತು. ಎರಡು ಹನಿ ಹಾಕಿಸಿದರೆ ಸಾಕು ಎಂದು ಕೇಳಿಸಿಕೊಂಡಿದ್ದ ತಾಯಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಿತ್ತಲ್ಲವೇ? ಅರ್ಧ ಸತ್ಯ ಬಿಟ್ಟ ಖಾಲಿ ಜಾಗದಲ್ಲಿ ವದಂತಿ ಬಂದು ಕುಳಿತುಕೊಂಡಿತು.

ಈ ಬಾಗಿಲುಗಳು ಕೊನೆಗೂ ತೆರೆದದ್ದು ಪೊಲೀಸರ ಲಾಠಿಯಿಂದಲ್ಲ. ಅದೇ ಬೀದಿಯ ಸಾವಿರಾರು ಮಹಿಳೆಯರು ಯುನಿಸೆಫ್‌ನ ನೆರವಿನಿಂದ ತರಬೇತಿ ಪಡೆದು ಮನೆಮನೆಗೆ ಹೋದರು. ಅವರು ಹನಿಯ ಬಗ್ಗೆ ಮಾತ್ರ ಮಾತನಾಡಲಿಲ್ಲ. ಕೈ ತೊಳೆಯುವುದು, ಭೇದಿಗೆ ಓಆರ್‌ಎಸ್ ಕುಡಿಸುವುದು, ಎದೆಹಾಲು ಉಣಿಸುವುದು ಇವೆಲ್ಲವನ್ನೂ ಹೇಳಿಕೊಟ್ಟರು. ಪ್ರಶ್ನೆ ಕೇಳಿದವರ ಮೇಲೆ ಸಿಟ್ಟಾಗದೆ ಕುಳಿತು ಉತ್ತರಿಸಿದರು. ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಮತ್ತು ಜಾಮಿಯಾ ಹಮ್ದರ್ದ್‌ನವರು ಕೈಜೋಡಿಸಿದರು. ಮಸೀದಿಯ ಧ್ವನಿವರ್ಧಕದಲ್ಲಿ ಲಸಿಕೆಯ ದಿನದ ಘೋಷಣೆಯಾಯಿತು. ಉಲಮಾಗಳು ಸ್ವತಃ ಮುಂದೆ ನಿಂತು ಮಕ್ಕಳಿಗೆ ಹನಿ ಹಾಕಿದರು. ಲಸಿಕೆಯನ್ನೂ ಸುಧಾರಿಸಲಾಯಿತು.

2009ರಲ್ಲಿ 741 ಇದ್ದ ಪ್ರಕರಣಗಳು 2010ರಲ್ಲಿ 42ಕ್ಕೆ ಇಳಿದವು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಬ್ಬ ಪುಟ್ಟ ಹೆಣ್ಣುಮಗುವಿನಲ್ಲಿ ಕಾಣಿಸಿಕೊಂಡದ್ದೇ ದೇಶದ ಕೊನೆಯ ಪೋಲಿಯೋ ಪ್ರಕರಣ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋಮುಕ್ತವೆಂದು ಘೋಷಿಸಿತು. ಅಲ್‌ಹಮ್ದುಲಿಲ್ಲಾಹ್! ಇದು ಔಷಧಿಯ ಜಯ ಮಾತ್ರವಲ್ಲ, ಮರಳಿ ಗಳಿಸಿದ ವಿಶ್ವಾಸದ ಜಯವೂ ಹೌದು.

ಇದೇ ಕಥೆಗೆ ನೆರೆಯ ಪಾಕಿಸ್ತಾನದಲ್ಲಿ ಬೇರೆಯೇ ತಿರುವು ಸಿಕ್ಕಿತು. ಲಸಿಕೆ ಹಾಕಲು ಬರುವವರು ವಿದೇಶೀ ಗೂಢಚಾರರು ಎಂಬ ವದಂತಿ ಅಲ್ಲಿ ಮೊದಲಿನಿಂದಲೂ ಇತ್ತು. ವೈದ್ಯರು ಅದನ್ನು ಅಲ್ಲಗಳೆಯುತ್ತಲೇ ಬಂದಿದ್ದರು. ಆದರೆ ಉಸಾಮಾ ಬಿನ್ ಲಾದಿನ್‌ನನ್ನು ಹುಡುಕುತ್ತಿದ್ದ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಅವನ ಮನೆಯವರ ಡಿಎನ್‌ಎ ಮಾದರಿ ಪಡೆಯಲೆಂದು ಅಬೋಟಾಬಾದ್‌ನಲ್ಲಿ ಒಬ್ಬ ವೈದ್ಯನ ಮೂಲಕ ಹೆಪಟೈಟಿಸ್ ಬಿ ಲಸಿಕೆಯ ನಾಟಕ ನಡೆಸಿತ್ತೆಂದು 2011ರ ಜುಲೈಯಲ್ಲಿ ಬಯಲಾಯಿತು. ವದಂತಿ ಹಬ್ಬಿಸುವವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕೇ? 2012ರಲ್ಲಿ ಉತ್ತರ ವಝೀರಿಸ್ತಾನದಲ್ಲಿ ಉಗ್ರರು ಪೋಲಿಯೋ ಲಸಿಕೆಯನ್ನೇ ನಿಷೇಧಿಸಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಲಸಿಕೆ ಹಾಕಲು ಹೊರಟಿದ್ದ ಕಾರ್ಯಕರ್ತೆಯರನ್ನು ಗುಂಡಿಟ್ಟು ಕೊಲ್ಲಲಾಯಿತು. ಯಾವ ಗೂಢಚರ್ಯೆಯನ್ನೂ ಅರಿಯದ, ಪುಡಿಗಾಸಿನ ದಿನಗೂಲಿಗೆ ಬಿಸಿಲಿನಲ್ಲಿ ನಡೆಯುತ್ತಿದ್ದ ಬಡ ಹೆಣ್ಣುಮಕ್ಕಳವರು! ಆ ಕೊಲೆಗಳಿಗೆ ಯಾವ ಸಮರ್ಥನೆಯೂ ಇಲ್ಲ. 2014ರಲ್ಲಿ ಪಾಕಿಸ್ತಾನದಲ್ಲಿ 306 ಮಕ್ಕಳು ಪೋಲಿಯೋಗೆ ತುತ್ತಾದರು. ಅದೇ ವರ್ಷ ಮೇ ತಿಂಗಳಲ್ಲಿ, ಇನ್ನು ಮುಂದೆ ಲಸಿಕೆ ಕಾರ್ಯಕ್ರಮಗಳನ್ನು ಗೂಢಚರ್ಯೆಗೆ ಬಳಸುವುದಿಲ್ಲ ಎಂದು ಅಮೆರಿಕ ಮಾತು ಕೊಟ್ಟಿತು. 2024ರಲ್ಲಿ ಕೂಡಾ ಆ ದೇಶದಲ್ಲಿ 70ಕ್ಕೂ ಹೆಚ್ಚು ಮಕ್ಕಳಿಗೆ ಪೋಲಿಯೋ ತಗಲಿತು. ಅದಕ್ಕೆ ಯುದ್ಧ, ಬಡತನದಂತಹ ಕಾರಣಗಳು ಹಲವಿವೆ. ಆದರೆ ಒಡೆದ ನಂಬಿಕೆಯೂ ಅವುಗಳಲ್ಲೊಂದು.

ಸಹೋದರಿಯರೇ, ಅಧಿಕಾರದಲ್ಲಿರುವವರು ಸುಳ್ಳು ಹೇಳಿದಾಗ ಅದರ ಬೆಲೆ ತೆರುವವರು ಅವರಲ್ಲ. ಎಲ್ಲೋ ದೂರದ ಮನೆಯ, ಇನ್ನೂ ನಡೆಯಲು ಕಲಿಯದ ಮಗು ಅದನ್ನು ತನ್ನ ಕಾಲಿನಿಂದ ತೆರುತ್ತದೆ. ಒಳ್ಳೆಯ ಉದ್ದೇಶಕ್ಕಾಗಿ ಒಂದು ಸಣ್ಣ ಸುಳ್ಳು ಎಂಬ ಸಮಾಧಾನ ಎಷ್ಟು ಅಪಾಯಕಾರಿ ನೋಡಿ.

ಹಾಗಾದರೆ ನಾಯಕರು ಹೇಗಿರಬೇಕು? ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ಎರಡು ವರ್ಷವೂ ತುಂಬುವ ಮೊದಲೇ ತೀರಿಕೊಂಡ. ಅದೇ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗನ ಸಾವಿಗೆ ಸೂರ್ಯನೇ ಮಂಕಾದನೆಂದು ಮದೀನಾದ ಜನ ಮಾತನಾಡಿಕೊಂಡರು. ಆ ಮಾತು ಪ್ರವಾದಿ(ಸ)ರ ಗೌರವವನ್ನು ಹೆಚ್ಚಿಸುವಂತಹದಾಗಿತ್ತು. ಅವರು ಸುಮ್ಮನಿದ್ದಿದ್ದರೂ ಸಾಕಿತ್ತು. ಆದರೆ ಪುತ್ರಶೋಕದ ಆ ಹೊತ್ತಿನಲ್ಲೂ ಅವರು ಜನರ ಮುಂದೆ ನಿಂತು, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟಿಗಾಗಲಿ ಸಾವಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ತಮಗೆ ಅನುಕೂಲವಾದ ವದಂತಿಯನ್ನು ತಾವೇ ಅಳಿಸಿದ ನಾಯಕ! ನಮ್ಮನ್ನು ಆಳುವವರನ್ನು, ನಮ್ಮ ಜಮಾಅತಿನ ಹಿರಿಯರನ್ನು, ನಮ್ಮನ್ನು ನಾವೇ ಅಳೆಯಲು ಇದಕ್ಕಿಂತ ಉತ್ತಮ ಅಳತೆಗೋಲು ಬೇಡ.

ಯಾಕೆಂದರೆ ವದಂತಿಯ ದಾರಿಯಲ್ಲಿ ನಾವೂ ನಿಂತಿದ್ದೇವೆ. ಸೂರಃ ಅಲ್ ಹುಜುರಾತ್‌ನ ಆರನೆಯ ವಚನ, ಸುದ್ದಿ ತಂದವನು ಭರವಸೆಗೆ ಅರ್ಹನಲ್ಲದಿದ್ದರೆ ಮೊದಲು ವಿಚಾರಿಸಿ ನೋಡಲು ಆದೇಶಿಸುತ್ತದೆ. ಇಲ್ಲವಾದರೆ ಅರಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂದು ಎಚ್ಚರಿಸುತ್ತದೆ. ಇದರ ಹಿನ್ನೆಲೆಯಾಗಿ ಅನೇಕ ವ್ಯಾಖ್ಯಾನಕಾರರು ಒಂದು ಘಟನೆಯನ್ನು ಹೇಳಿದ್ದಾರೆ. ಬನೂ ಮುಸ್ತಲಿಕ್ ಗೋತ್ರದಿಂದ ಝಕಾತ್ ತರಲು ನೇಮಕಗೊಂಡ ವ್ಯಕ್ತಿಯೊಬ್ಬರು ಅರ್ಧ ದಾರಿಯಿಂದಲೇ ಮರಳಿ, ಅವರು ಝಕಾತ್ ಕೊಡಲು ಒಪ್ಪಲಿಲ್ಲ ಎಂದು ವರದಿ ಮಾಡಿದರು. ವಿಚಾರಿಸಿದಾಗ ಅದು ಸುಳ್ಳೆಂದು ತಿಳಿಯಿತು. ಗಮನಿಸಿ, ಸುದ್ದಿ ತಂದವರು ಬೀದಿಯ ಹರಟೆಮಲ್ಲರಲ್ಲ, ಅಧಿಕೃತವಾಗಿ ಕಳುಹಿಸಲ್ಪಟ್ಟವರು. ಅಧಿಕಾರಿಯ ಮಾತನ್ನೂ ವಿಚಾರಿಸಿ ನೋಡುವುದು ಅವಿಧೇಯತೆಯಲ್ಲ. ಹಾಗೆಯೇ, ಅಧಿಕಾರಿಯನ್ನು ನಂಬಲಾಗದು ಎಂಬ ಕಾರಣಕ್ಕೆ ಪಕ್ಕದ ಮನೆಯವಳ ಮಾತನ್ನು ವಿಚಾರಿಸದೆ ನಂಬುವುದು ಜಾಣತನವೂ ಅಲ್ಲ.

ಇಂದು ವದಂತಿಗೆ ಬೀದಿ ಬೇಕಿಲ್ಲ, ಅಂಗೈಯಲ್ಲಿರುವ ಮೊಬೈಲು ಸಾಕು. "ನನಗೆ ಬಂದದ್ದನ್ನು ಕಳಿಸಿದೆ, ಅಷ್ಟೆ" ಎನ್ನುತ್ತೇವೆ. ಕೇಳಿದ್ದನ್ನೆಲ್ಲ ಆಡಿಬಿಡುವುದೇ ಒಬ್ಬ ಮನುಷ್ಯ ಸುಳ್ಳುಗಾರನಾಗಲು ಸಾಕು ಎಂಬರ್ಥದ ಪ್ರವಾದಿ ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ಮಕ್ಕಳ ಔಷಧಿಯ ಬಗ್ಗೆ, ಇನ್ನೊಂದು ಸಮುದಾಯದ ಬಗ್ಗೆ ಒಂದು ಸಂದೇಶ ಬಂದರೆ, ಅದನ್ನು ತಿಳಿದವರಲ್ಲಿ ಕೇಳುವವರೆಗೆ ನಮ್ಮಲ್ಲೇ ಇರಲಿ. ತಪ್ಪಾಗಿ ಕಳಿಸಿಬಿಟ್ಟಿದ್ದರೆ, ಕಳಿಸಿದವರಿಗೆಲ್ಲ "ನಾನು ಕಳಿಸಿದ್ದು ತಪ್ಪು" ಎಂದು ತಿಳಿಸೋಣ. ಅದರಿಂದ ನಮ್ಮ ಮಾನ ಹೋಗುವುದಿಲ್ಲ, ಮಾತಿನ ತೂಕ ಹೆಚ್ಚುತ್ತದೆ. ಖಲೀಫಾ ಅಬೂಬಕರ್(ರ) ಅಧಿಕಾರ ವಹಿಸಿಕೊಂಡ ದಿನವೇ ಸತ್ಯವನ್ನು ಅಮಾನತ್ ಎಂದೂ ಸುಳ್ಳನ್ನು ವಂಚನೆ ಎಂದೂ ಜನರ ಮುಂದೆ ಸಾರಿದ್ದರು. ಅಮಾನತ್ ಎಂದರೆ ಮರಳಿಸಬೇಕಾದ ಸೊತ್ತು. ಇತರರು ನಮ್ಮಲ್ಲಿಟ್ಟ ನಂಬಿಕೆಯೂ ಅಂತಹದೇ.

ಇದರ ಮೊದಲ ಪಾಠಶಾಲೆ ನಮ್ಮ ಮನೆ. ಮುಂದಿನ ಸಲ ಮಗುವನ್ನು ಇಂಜೆಕ್ಷನ್ನಿಗೆ ಕರೆದೊಯ್ಯುವಾಗ ಹೀಗೆ ಹೇಳಿ ನೋಡಿ: "ಇರುವೆ ಕಚ್ಚಿದ ಹಾಗೆ ಸ್ವಲ್ಪ ನೋವಾಗುತ್ತೆ ಮಗಾ. ನಾನು ಕೈ ಹಿಡ್ಕೊಂಡೇ ಇರ್ತೇನೆ." ಮಗು ಆಗಲೂ ಅಳಬಹುದು. ಆದರೆ ಅಳುತ್ತಾ ನಿಮ್ಮ ಎದೆಗೇ ಒರಗುತ್ತದೆ.

ಸತ್ಯವನ್ನು ನುಡಿಯುವ ನಾಲಗೆಯನ್ನೂ ಸತ್ಯವನ್ನು ಹುಡುಕುವ ತಾಳ್ಮೆಯನ್ನೂ ಅಲ್ಲಾಹನು ನಮಗೆಲ್ಲರಿಗೂ, ನಮ್ಮನ್ನು ಆಳುವವರಿಗೂ ಕರುಣಿಸಲಿ. ಆಮೀನ್.