ಚೆನ್ನಾಗಿ ಓಡಿಸುವವನಿಗೆ ಇನ್ಶೂರೆನ್ಸ್ ಯಾಕೆ?

“ಮೂವತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ಒಂದು ಕೋಳಿಮರಿಗೂ ತಾಗಿಸಿಲ್ಲ. ನನಗ್ಯಾಕೆ ಇನ್ಶೂರೆನ್ಸ್?” ನಮ್ಮ ಕಡೆ ಈ ಮಾತು ಆಡದ ರೈತರೇ ಕಡಿಮೆ. ಶೋರೂಮಿನವರು ಮಾಡಿಸಿಕೊಟ್ಟಿದ್ದೇ ಕೊನೆ. ಈಗಂತೂ 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಮಾಡಿಸಬೇಕು. ಆರನೇ ವರ್ಷಕ್ಕೆ ಎಷ್ಟು ಜನಕ್ಕೆ ನೆನಪಿರುತ್ತೆ?

ಪೊಲೀಸರ ದಂಡದ ಮಾತು ಪಕ್ಕಕ್ಕಿಡಿ. ಕಾಯ್ದೆಯಲ್ಲಿ ಮೊದಲ ಸಲಕ್ಕೆ ಬರೆದಿರೋದು 2,000 ರೂಪಾಯಿ ಅಥವಾ ಮೂರು ತಿಂಗಳ ತನಕ ಜೈಲು. ನನಗಿರುವ ಭಯ ಬೇರೆ. ಸುಗ್ಗೀಲಿ ಟಾರ್ ರೋಡಿನ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಚಕ್ರ ಜಾರಿ ಎದುರಿಗೆ ಬಂದವನಿಗೆ ಬಡಿದರೆ ಮೂವತ್ತು ವರ್ಷದ ಅನುಭವ ಏನು ಮಾಡೀತು?

ಲೆಕ್ಕ ಹಾಕಿ ನೋಡಿ. ಸತ್ತವನು 30 ವರ್ಷದ ಕೂಲಿಯವನು, ತಿಂಗಳ ದುಡಿಮೆ 10,000, ಮನೇಲಿ ಹೆಂಡತಿ, ಎರಡು ಮಕ್ಕಳು, ತಾಯಿ ಅಂತಿಟ್ಟುಕೊಳ್ಳಿ. ಸುಪ್ರೀಂ ಕೋರ್ಟಿನ 2009 ಮತ್ತು 2017ರ ತೀರ್ಪುಗಳ ಪ್ರಕಾರ ಮುಂದೆ ದುಡಿಮೆ ಹೆಚ್ಚುತ್ತಿತ್ತು ಅಂತ ನೂರಕ್ಕೆ 40 ಸೇರಿಸುತ್ತಾರೆ, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯುತ್ತಾರೆ. ತಿಂಗಳಿಗೆ 10,500 ಉಳೀತು. ವರ್ಷಕ್ಕೆ 1,26,000. ಅವನ ವಯಸ್ಸಿಗೆ ಇದನ್ನು 17ರಿಂದ ಗುಣಿಸಬೇಕು. 21,42,000 ರೂಪಾಯಿ! ಅಂತ್ಯಕ್ರಿಯೆ ಖರ್ಚು, ಬಡ್ಡಿ ಬೇರೆ. ಆ ಸಂಸಾರಕ್ಕೆ ಇದು ಹೆಚ್ಚೇನಲ್ಲ, ನ್ಯಾಯವೇ. ಆದರೆ ತಪ್ಪು ನಿಮ್ಮದು ಅಂತ ತೀರ್ಮಾನವಾಗಿ, ಇನ್ಶೂರೆನ್ಸೂ ಇಲ್ಲದಿದ್ದರೆ ಕೊಡೋರು ಯಾರು? ಕಾಯ್ದೆಯ 174ನೇ ಕಲಮಿನಂತೆ ಇದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ಮಳೆ ನಂಬಿದ ನಾಲ್ಕೆಕರೆ ಮಾರಿದರೂ ಅಷ್ಟು ಹುಟ್ಟುತ್ತೋ ಇಲ್ಲವೋ.

ಇದನ್ನು ತಡೆಯೋಕೆ ಆಗುವ ಖರ್ಚೆಷ್ಟು? 2022ರ ಜೂನ್ 1ರಿಂದ ಬಂದ ದರದಂತೆ 75ರಿಂದ 150 ಸಿಸಿ ಬೈಕಿನ ಥರ್ಡ್ ಪಾರ್ಟಿಗೆ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ದಿನಕ್ಕೆ ಎರಡು ರೂಪಾಯಿ. ಈ ದರ ಗೊತ್ತುಮಾಡೋದು ಕೇಂದ್ರ ಸರ್ಕಾರ. ಆದ್ದರಿಂದ ಥರ್ಡ್ ಪಾರ್ಟಿಗೆ ‘ನಮ್ಮ ಕಂಪನೀಲಿ ಕಡಿಮೆ’ ಅನ್ನೋ ಏಜೆಂಟರ ಮಾತಿಗೆ ಮರುಳಾಗಬೇಡಿ. ನಿಮ್ಮ ಗಾಡಿ ಜಖಂ ಆದರೆ ಇದರಲ್ಲಿ ಬಿಡಿಗಾಸೂ ಬರಲ್ಲ, ಅದು ಬೇರೆ ಪಾಲಿಸಿ.

ಇಲ್ಲಿ ನನ್ನದೊಂದು ತಕರಾರಿದೆ. ಕ್ಲೇಮು ಮಾಡದವರಿಗೆ ಬೋನಸ್ ಅಂತ ಮೊದಲ ವರ್ಷ ನೂರಕ್ಕೆ 20, ಹಾಗೇ ಏರುತ್ತಾ ಐದನೇ ವರ್ಷಕ್ಕೆ 50ರ ತನಕ ಬಿಡುತ್ತಾರೆ. ಆದರೆ ಅದು ಸ್ವಂತ ಗಾಡಿ ಜಖಮಿನ ಕಂತಿನಲ್ಲಿ ಮಾತ್ರ. ಥರ್ಡ್ ಪಾರ್ಟಿಯಲ್ಲಿ ಬೈಕಿನ ಸಿಸಿ ನೋಡುತ್ತಾರೆಯೇ ಹೊರತು ಓಡಿಸುವವನನ್ನು ನೋಡೋದಿಲ್ಲ. ಕುಡಿದು ಓಡಿಸುವವನಿಗೂ 714, ಹುಷಾರಾಗಿ ಓಡಿಸುವವನಿಗೂ 714. ಹಳೇ ಗಾಡಿಗೆ ಥರ್ಡ್ ಪಾರ್ಟಿ ಒಂದನ್ನೇ ಮಾಡಿಸುವ ನಮ್ಮಂಥವರಿಗೆ ಹುಷಾರಿನ ಬೆಲೆ ಸೊನ್ನೆ. ನೂರಕ್ಕೆ ಹತ್ತಾದರೂ ಬಿಡಲಿ. ಎಪ್ಪತ್ತೊಂದು ರೂಪಾಯಿ ದೊಡ್ಡದಲ್ಲ, ನಿಜ. ಆದರೆ ಕಂತು ತಪ್ಪಿಸದೆ ಕಟ್ಟೋಕೆ ಅದೊಂದು ಆಸೆಯಾದರೂ ಇರುತ್ತೆ.

ಟ್ರ್ಯಾಕ್ಟರ್ ಇರುವವರು ಇನ್ನೊಂದು ನೋಡಿಕೊಳ್ಳಬೇಕು. ಟ್ರೈಲರಿಗೆ ಬೇರೆ ನೋಂದಣಿ, ಅದರ ಇನ್ಶೂರೆನ್ಸೂ ಆಗಿರಬೇಕು. ಬೇಸಾಯಕ್ಕೆ ಅಂತ ಮಾಡಿಸಿದ ಪಾಲಿಸಿ ಬಾಡಿಗೆ ಮಣ್ಣು ಹೊಡೆಯೋಕೆ, ಜನ ಕೂರಿಸೋಕೆ ಬರಲ್ಲ. ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುತ್ತಿದ್ದ ಟ್ರ್ಯಾಕ್ಟರಿನ ಟ್ರೈಲರಲ್ಲಿ ಕೂತಿದ್ದ ಕೂಲಿಯವನ ಕೇಸಿನಲ್ಲಿ, 2007ರಲ್ಲಿ, ಕಂಪನಿಗೆ ಹೊಣೆ ಇಲ್ಲ ಅಂತಲೇ ಸುಪ್ರೀಂ ಕೋರ್ಟ್ ಹೇಳಿತು. ಬಡವನಿಗೆ ಕಂಪನಿ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದಿತು. ಕಳೆ ಕೀಳೋಕೆ ಹತ್ತು ಹೆಣ್ಣಾಳುಗಳನ್ನು ಟ್ರೈಲರಿಗೆ ಹತ್ತಿಸುವ ಮುಂಚೆ ನಿಮ್ಮ ಪಾಲಿಸಿ ಕಾಗದ ಒಮ್ಮೆ ಓದಿಸಿ ಕೇಳಿ.